ಕಡತ ಬೆಂಗಳೂರಿನದು, ಕಾಗದ ಕಾಗವಾಡದ್ದು

ಚಿಕ್ಕೋಡಿಯ ತಹಶೀಲ್ದಾರ್ ಕಚೇರಿಯಲ್ಲಿ ಇವತ್ತು ರೈತನೊಬ್ಬ ಉತಾರ, ಅಂದರೆ ಹೊಲದ ಪಹಣಿ, ತೆಗೆಸಿದರೆ ಅದರೊಳಗಿನ ಮಾಹಿತಿ ಬರುವುದು ಬೆಂಗಳೂರಿನ ಸರ್ವರ್‌ನಿಂದ. ಚಿಕ್ಕೋಡಿಯದು ಅಂತ ಇರುವುದು ಕಾಗದ ಮತ್ತು ಟೋನರ್ ಮಾತ್ರ. ಭೂಮಿ ಯೋಜನೆ ಶುರುವಾದಾಗ ಹೀಗಿರಲಿಲ್ಲ. 2000ದ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಕೇಂದ್ರ ಸರ್ಕಾರದ ಎನ್‌ಐಸಿ ಬರೆದ ತಂತ್ರಾಂಶದಿಂದ, ಕರ್ನಾಟಕ ಸುಮಾರು 2 ಕೋಟಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗಿನ 177 ತಾಲೂಕುಗಳಲ್ಲಿ ಒಂದೊಂದಕ್ಕೂ ತನ್ನದೇ ಸರ್ವರ್. ಚಿಕ್ಕೋಡಿಯ ಹೊಲಗಳ ಲೆಕ್ಕ ಚಿಕ್ಕೋಡಿಯಲ್ಲಿ, ಅಥಣಿಯದು ಅಥಣಿಯಲ್ಲಿ, ರಾಯಬಾಗದ್ದು ರಾಯಬಾಗದಲ್ಲಿ. ಕೌಂಟರಿನಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದು ಇರುತ್ತಿತ್ತು. 15 ರೂಪಾಯಿ ಕೊಟ್ಟರೆ, ತಲಾಟಿಯ ಮನೆ ಬಾಗಿಲಿಗೆ ಅಲೆಯದೆ, ಕಣ್ಣೆದುರೇ ಉತಾರ ಮುದ್ರಣವಾಗಿ ಕೈಗೆ ಬರುತ್ತಿತ್ತು.

ಮುಂದೆ ಆ ತಾಲೂಕು ಸರ್ವರ್‌ಗಳ ದತ್ತಾಂಶವೆಲ್ಲ ರಾಜ್ಯದ ಕೇಂದ್ರಕ್ಕೆ ಹೋಯಿತು. ಅದರಿಂದ ಆದ ಲಾಭ ದೊಡ್ಡದು. ರಾಯಬಾಗದ ಹೊಲದ ಉತಾರವನ್ನು ನಿಪ್ಪಾಣಿಯಲ್ಲಿ ತೆಗೆಯಬಹುದು. ನಾಡಕಚೇರಿಯಲ್ಲಿ, ಗ್ರಾಮ ಒನ್ ಕೇಂದ್ರದಲ್ಲಿ, ಮನೆಯಲ್ಲಿ ಕೂತು ಮೊಬೈಲಿನಲ್ಲೂ ತೆಗೆಯಬಹುದು. ಅದೇ ಹೊತ್ತಿಗೆ ನಮ್ಮ ಕಚೇರಿಗಳಿಗೆ ಒಂದು ಹೊಸ ಮಾತೂ ಬಂತು. "ಯಾಕ್ರೀ ಸಾಹೇಬ್ರ, ಉತಾರ ಬರವಲ್ದೇನ್ರಿ?" "ಸರ್ವರ್ ಡೌನ್ ಐತ್ರಿ ಕಾಕಾ, ಊಟಾದ ಮ್ಯಾಲ ಬರ್ರಿ." ಹಳ್ಳಿಯಿಂದ ಬಸ್ಸು ಹಿಡಿದು ಬಂದವನಿಗೆ ಊಟ ಆದ ಮೇಲೆ ಬಾ ಅನ್ನುವುದು ಎಂದರೆ ಅವನ ಒಂದು ದಿನದ ಕೂಲಿಯನ್ನು ಕಸಿದುಕೊಂಡಂತೆ. ಇದು ತಂತ್ರಜ್ಞರಷ್ಟೇ ಚರ್ಚಿಸಿ ಮುಗಿಸುವ ವಿಷಯ ಅಲ್ಲವೆಂದು ನಾನು ಹೇಳುವುದು ಅದಕ್ಕೇ.

ಒಂದು ಕಾಗದ ಕೈಗೆ ಬರುವುದರೊಳಗೆ ಮೂರು ಕೆಲಸ ನಡೆಯುತ್ತವೆ. ಮಾಹಿತಿಯನ್ನು ಕಾಯ್ದಿಡುವುದು ಒಂದು. ಆ ಮಾಹಿತಿಯನ್ನು ಪುಟವಾಗಿ ಕಟ್ಟುವುದು, ಅಂದರೆ ಪಿಡಿಎಫ್ ಮಾಡುವುದು, ಇನ್ನೊಂದು. ಆ ಪುಟವನ್ನು ಚುಕ್ಕೆಚುಕ್ಕೆಯಾಗಿ ಒಡೆದು ಕಾಗದದ ಮೇಲೆ ಮೂಡಿಸುವುದು ಮೂರನೆಯದು. ಕೇಂದ್ರೀಕರಣ ಬೇಕೋ ಬೇಡವೋ ಎಂದು ವಾದ ಮಾಡುವವರು ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ನನ್ನ ವಾದ ಇಷ್ಟು: ಮೊದಲಿನ ಎರಡು ಕೆಲಸ ಕೇಂದ್ರದಲ್ಲೇ ಆಗಲಿ, ಬಿಗಿಯಾಗಿ ಆಗಲಿ. ಮೂರನೆಯದು ಕೌಂಟರಿನ ಪಕ್ಕದಲ್ಲೇ ಆಗಬೇಕು, ಅದೂ ಯಾವ ಕಂಪ್ಯೂಟರಿನಿಂದಲಾದರೂ, ಯಾವ ಕಂಪನಿಯ ಪ್ರಿಂಟರಿನಿಂದಲಾದರೂ ಆಗುವಂತಿರಬೇಕು.

ಪುಟ ಕಟ್ಟುವ ಕೆಲಸ ಕೇಂದ್ರದಲ್ಲಿರಲಿ ಎನ್ನುವುದಕ್ಕೆ ಕನ್ನಡವೇ ದೊಡ್ಡ ಕಾರಣ. ಉತಾರದ 9ನೇ ಕಲಮಿನಲ್ಲಿ ಮಾಲೀಕರ ಹೆಸರುಗಳಿರುತ್ತವೆ. ಒಟ್ಟು ಕುಟುಂಬದ ಹೊಲವಾದರೆ ಒಂದರ ಕೆಳಗೊಂದು ಏಳೆಂಟು ಹೆಸರು, ಪ್ರತಿಯೊಂದಕ್ಕೂ ತಂದೆಯ ಹೆಸರು, ಅಡ್ಡಹೆಸರು. ಬರೀ ಅಕ್ಷರಗಳನ್ನು ಕಳಿಸಿ, ಪುಟವನ್ನು ಆಯಾ ಕಂಪ್ಯೂಟರೇ ಕಟ್ಟಿಕೊಳ್ಳಲಿ ಎಂದು ಬಿಟ್ಟರೆ ಏನಾಗುತ್ತದೆ? ಹಳೆ ವಿಂಡೋಸ್‌ನಲ್ಲಿ ತುಂಗಾ ಫಾಂಟು, ಹೊಸದರಲ್ಲಿ ನಿರ್ಮಲಾ, ಉಬುಂಟುವಿನಲ್ಲಿ ಲೋಹಿತ್ ಇಲ್ಲವೇ ನೋಟೊ. ಒಂದೊಂದರ ಅಗಲ ಒಂದೊಂದು ಥರ. ಒಂದು ಕಡೆ ಕಲಮಿನೊಳಗೆ ಕೂತ ಹೆಸರು ಇನ್ನೊಂದು ಕಡೆ ಪಕ್ಕದ ಕಲಮಿಗೆ ಚಾಚುತ್ತದೆ. ಒತ್ತಕ್ಷರ ಜೋಡಿಸಲು ಬಾರದ ಹಳೆಯ ತಂತ್ರಾಂಶವಿದ್ದರಂತೂ "ಅಣ್ಣಪ್ಪ" ಎಂಬುದು "ಅಣ್‌ಣಪ್‌ಪ" ಆಗಿ ಹೊರಬೀಳುತ್ತದೆ. ಹೆಸರು ಹೀಗೆ ಒಡೆದ ಕಾಗದವನ್ನು ಬ್ಯಾಂಕಿನವರು ಆಧಾರ್ ಜೊತೆ ಹಿಡಿದು ನೋಡಿ ವಾಪಸು ಕೊಟ್ಟರೆ ಅವರದೇನೂ ತಪ್ಪಿಲ್ಲ.

ಪಿಡಿಎಫ್ ಈ ತೊಂದರೆಯನ್ನು ಬೇರಿನಲ್ಲೇ ಕಳೆಯುತ್ತದೆ. 1993ರಲ್ಲಿ ಅಡೋಬಿ ಹೊರತಂದ, 2008ರಲ್ಲಿ ಐಎಸ್ಒ ಮಾನಕವಾದ ಈ ವಿನ್ಯಾಸದಲ್ಲಿ ಪುಟದ ಮೇಲೆ ಯಾವ ಆಕಾರ ಎಲ್ಲಿ ಕೂರಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಫಾಂಟನ್ನು ಕಡತದೊಳಗೇ ಸೇರಿಸಿಬಿಟ್ಟರೆ ನೋಡುವ ಕಂಪ್ಯೂಟರಿನಲ್ಲಿ ಕನ್ನಡ ಇದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಕಟ್ಟಿದ ಜಾಗದಲ್ಲೇ ಇರುತ್ತವೆ. ಅದೇ ಪಿಡಿಎಫ್‌ನಿಂದ ಪಠ್ಯವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಕೆಲವೊಮ್ಮೆ ಕಲಸುಮೇಲೋಗರ ಆಗುವುದುಂಟು. ಆಕಾರದಿಂದ ಅಕ್ಷರಕ್ಕೆ ಮರಳುವ ಕೋಷ್ಟಕ ಸರಿಯಾಗಿಲ್ಲದಿದ್ದರೆ ಹಾಗಾಗುತ್ತದೆ. ಮುದ್ರಣಕ್ಕೆ ಅದರಿಂದ ತೊಂದರೆಯಿಲ್ಲ.

ಫಾಂಟನ್ನು ಒಳಗೆ ಸೇರಿಸದೆ ಮಾಡಿದ ಪಿಡಿಎಫ್ ಎಂಥ ಪಾಡು ಪಡಿಸುತ್ತದೆ ಎಂಬುದು ಡಿಟಿಪಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕನ್ನಡವನ್ನು ಕಂಪ್ಯೂಟರಿಗೆ ತಂದ ದೊಡ್ಡ ಕೆಲಸ. ಆದರೆ ಅದರ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದಂಥವು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಡೀ ಪುಟ ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಸಾಲಾಗುತ್ತದೆ. ನಿಪ್ಪಾಣಿಯ ಅಂಗಡಿಗಳಲ್ಲಿ ಇದು ಇಮ್ಮಡಿ. ಅಲ್ಲಿ ಮರಾಠಿಗೆ ಪುಣೆಯ ಶ್ರೀಲಿಪಿ, ಕನ್ನಡಕ್ಕೆ ನುಡಿ, ಎರಡೂ ಒಂದೇ ಕಂಪ್ಯೂಟರಿನಲ್ಲಿ. ಮದುವೆಯ ಪತ್ರಿಕೆಯ ಎರಡು ಬದಿಗೆ ಎರಡು ಲಿಪಿ. ಕಡತವನ್ನು ಬೇರೆ ಊರಿನ ಪ್ರೆಸ್ಸಿಗೆ ಕಳಿಸಿದಾಗ ಒಂದು ಬದಿ ಉಳಿದು ಇನ್ನೊಂದು ಅಳಿಯಬಹುದು. ಇಂಥದೇ ಕಡತ ಕಾಸರಗೋಡಿನ ಕನ್ನಡ ಶಾಲೆಗೆ ಹೋಯಿತು ಅನ್ನಿ. ಕೇರಳದ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸ್. ಅಲ್ಲಿ ನುಡಿಯ ಹಳೆ ಫಾಂಟು ಇರುವ ಸಾಧ್ಯತೆ ಕಡಿಮೆ. ಕನ್ನಡದ ಮೇಷ್ಟ್ರಿಗೆ ಕನ್ನಡದ ಕಡತವೇ ಓದಲು ಬಾರದಂತಾಗುತ್ತದೆ. ಆದ್ದರಿಂದ ಪುಟ ಒಂದೇ ಕಡೆ, ಯುನಿಕೋಡ್‌ನಲ್ಲಿ, ಫಾಂಟು ಸೇರಿಸಿಯೇ ಕಟ್ಟಬೇಕು. ಇದರಲ್ಲಿ ನನಗೆ ರಾಜಿಯಿಲ್ಲ.

ಇನ್ನು ಮೂರನೆಯ ಕೆಲಸಕ್ಕೆ ಬರೋಣ. ಪುಟವನ್ನು ಚುಕ್ಕೆಗಳಾಗಿ ಒಡೆಯುವುದನ್ನೂ ದೂರದ ಸರ್ವರಿಗೇ ವಹಿಸಿ, ತಾಲೂಕಿನಲ್ಲಿ ಬರೀ ಪ್ರಿಂಟರ್ ಇಟ್ಟರೆ ಆಗದೇ ಎಂದು ಕೇಳುವವರಿದ್ದಾರೆ. ದೊಡ್ಡ ಕಂಪನಿಗಳಲ್ಲಿ ಹಾಗೆ ಮಾಡುವುದೂ ಉಂಟು. ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಒಂದು ಎ4 ಹಾಳೆಯನ್ನು ಇಂಚಿಗೆ 600 ಚುಕ್ಕೆಯಂತೆ ಒಡೆದರೆ ಸುಮಾರು 3.48 ಕೋಟಿ ಚುಕ್ಕೆಗಳಾಗುತ್ತವೆ. ಬರೀ ಕಪ್ಪು-ಬಿಳುಪಾದರೂ 4.3 ಮೆಗಾಬೈಟಿಗೆ ಹೆಚ್ಚು; ಬಣ್ಣದ್ದಾದರೆ 100 ಮೆಗಾಬೈಟ್ ದಾಟುತ್ತದೆ. ಅದೇ ಪುಟದ ಪಿಡಿಎಫ್ 150 ಕಿಲೊಬೈಟ್ ಇದ್ದೀತು. 2005ರಲ್ಲಿ ಮಂಜೂರಾದ ರಾಜ್ಯವ್ಯಾಪಿ ಜಾಲದ ಯೋಜನೆ ತಾಲೂಕು ಮಟ್ಟಕ್ಕೆ ಕೊಟ್ಟ ಕನಿಷ್ಠ ಭರವಸೆ 2 ಎಂಬಿಪಿಎಸ್ ಲೈನು. ಅಂಥ ಲೈನಿನಲ್ಲಿ ಪಿಡಿಎಫ್ ಬರಲು ಒಂದು ಸೆಕೆಂಡೂ ಬೇಡ, ಚುಕ್ಕೆಗಳ ಪುಟಕ್ಕೆ 17 ಸೆಕೆಂಡು. ಚುಕ್ಕೆಗಳನ್ನು ಒತ್ತಿ ಕಿರಿದಾಗಿಸಬಹುದು, ನಿಜ. ಲೈನುಗಳೂ ಈಗ ಆಗಿನದಕ್ಕಿಂತ ಅಗಲವಾಗಿವೆ. ಆದರೂ ಬೆಳೆಸಾಲದ ಹಂಗಾಮಿನಲ್ಲಿ ಎಲ್ಲ ಕೌಂಟರುಗಳೂ ಒಟ್ಟಿಗೆ ಪ್ರಿಂಟ್ ಹೊಡೆಯುವಾಗ, ಹಾಳೆ ಹೊರಬರುವ ಕೊನೆಯ ಸೆಕೆಂಡಿನವರೆಗೂ ಲೈನು ಬದುಕಿರಬೇಕು ಎಂಬ ಕಟ್ಟು ಯಾಕೆ ಬೇಕು? ಪಿಡಿಎಫ್ ಒಮ್ಮೆ ಬಂದು ಇಳಿದರೆ ಮುಗಿಯಿತು, ಆಮೇಲೆ ಲೈನು ಹೋದರೂ ಹಾಳೆ ಬರುತ್ತದೆ.

ಉಗಾರದ ಸಕ್ಕರೆ ಕಾರ್ಖಾನೆಯ ಕಾಟಾ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತಾಗ ತೂಕದ ಚೀಟಿ ಅಲ್ಲೇ, ಆ ಕ್ಷಣವೇ ಮುದ್ರಣವಾಗಬೇಕು. ಲೆಕ್ಕ ಯಾವ ಊರಿನ ಸರ್ವರಿಗೆ ಬೇಕಾದರೂ ಹೋಗಲಿ, ಚೀಟಿ ಮಾತ್ರ ಕಾಟಾ ಬಿಟ್ಟು ಬೇರೆಡೆಯಿಂದ ಬರುವುದನ್ನು ಯಾವ ರೈತನೂ ಒಪ್ಪಲಾರ. ಹಿಂದೆ ಟ್ರ್ಯಾಕ್ಟರುಗಳ ಸಾಲು ರಸ್ತೆಯವರೆಗೆ ನಿಂತಿರುತ್ತದೆ.

ಹಾಗಾದರೆ ಸ್ಥಳೀಯ ಮುದ್ರಣ ಈಗ ಚೆನ್ನಾಗಿ ನಡೆದಿದೆಯೇ? ಇಲ್ಲ. ಇದನ್ನು ಮರೆಮಾಚಿ ವಾದ ಗೆಲ್ಲುವುದು ನನಗೆ ಬೇಡ. ನಮ್ಮ ಕಡೆಯ ಕಚೇರಿಗಳಲ್ಲಿ, ಸೊಸೈಟಿಗಳಲ್ಲಿ ತುಂಬ ವರ್ಷ ರಾಜ್ಯಭಾರ ಮಾಡಿದ್ದು ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900. ಎರಡೂ ಗಟ್ಟಿ ಯಂತ್ರಗಳು, ಕಾರ್ಟ್ರಿಡ್ಜಿಗೆ ಟೋನರ್ ತುಂಬಿಸುವವರು ಊರೂರಲ್ಲಿ ಸಿಗುತ್ತಾರೆ. ಆದರೆ ಇವಕ್ಕೆ ಪಿಡಿಎಫ್ ಅರ್ಥವಾಗುವುದಿಲ್ಲ. ಪುಟವನ್ನು ಕಂಪ್ಯೂಟರೇ ಒಡೆದು, ಆ ಕಂಪನಿಯ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. 1020ರೊಳಗೆ ಅದರ ಸ್ವಂತ ತಂತ್ರಾಂಶವೂ ಉಳಿಯುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಕಂಪ್ಯೂಟರ್ ಅದನ್ನು ಮತ್ತೆ ತುಂಬಬೇಕು. ವಿಂಡೋಸ್ ಡ್ರೈವರ್ ಇದನ್ನು ತಾನಾಗಿಯೇ ಮಾಡುತ್ತದೆ. ಉಬುಂಟು ಹಾಕಿದ ಕಂಪ್ಯೂಟರಿಗೆ ಅದೇ ಯಂತ್ರ ಜೋಡಿಸಿದರೆ ಬೇರೊಂದು ಪ್ಲಗ್-ಇನ್ ಹುಡುಕಿ ಹಾಕಬೇಕು. ಗೊತ್ತಿಲ್ಲದವರು ಯಂತ್ರವೇ ಕೆಟ್ಟಿತೆಂದು ಮೂಲೆಗಿಡುತ್ತಾರೆ.

ಇವೆರಡರಲ್ಲೂ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಕಿಂಡಿಯಿಲ್ಲ, ಯುಎಸ್‌ಬಿ ಒಂದೇ. ಹಾಗಾಗಿ ಒಂದು ಕಂಪ್ಯೂಟರಿಗೆ ಜೋಡಿಸಿ ಉಳಿದವರಿಗೆ ಶೇರ್ ಮಾಡುತ್ತಾರೆ. ಯಾರೂ ಹೆಸರಿಟ್ಟು ಕರೆಯದಿದ್ದರೂ ಆ ಕಂಪ್ಯೂಟರೇ ಆ ಕಚೇರಿಯ ಪ್ರಿಂಟ್ ಸರ್ವರ್. ಅದರ ಮುಂದೆ ಕೂರುವ ಗುಮಾಸ್ತರು ರಜೆ ಹಾಕಿದ ದಿನ ಇಡೀ ಕೋಣೆಯ ಮುದ್ರಣ ನಿಲ್ಲುತ್ತದೆ. 2021ರಲ್ಲಿ ವಿಂಡೋಸ್‌ನ ಮುದ್ರಣ ವ್ಯವಸ್ಥೆಯಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ಭಾರಿ ಬಿರುಕು ಕಂಡಿತು. ಅದೇ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್‌ಗಳು ಬಂದ ಮೇಲೆ, ಹೀಗೆ ಶೇರ್ ಮಾಡಿದ ಪ್ರಿಂಟರುಗಳು ಜಗತ್ತಿನಾದ್ಯಂತ 11ಬಿ ಎಂದು ಮುಗಿಯುವ ದೋಷಸಂಖ್ಯೆ ತೋರಿಸಿ ಕೈಕೊಟ್ಟವು. ಒಂದು ಕಂಪ್ಯೂಟರ್ ಅಪ್‌ಡೇಟ್ ಆಗಿದೆ, ಪಕ್ಕದ್ದು ಆಗಿಲ್ಲ. ಎರಡಕ್ಕೂ ಮಾತು ನಿಂತಿತು. ಅಪ್‌ಡೇಟನ್ನೇ ಕಿತ್ತು ಹಾಕುವುದು ಅನೇಕರು ಕಂಡುಕೊಂಡ ಪರಿಹಾರ, ಅದು ಬಾಗಿಲ ಚಿಲಕ ಬಿಗಿಯೆಂದು ಬಾಗಿಲನ್ನೇ ಕಳಚಿಟ್ಟಂತೆ. ಲಿನಕ್ಸ್ ಇದಕ್ಕೆ ಹೊರತೇನಲ್ಲ, 2024ರ ಸೆಪ್ಟೆಂಬರಿನಲ್ಲಿ ಅದರ ಕಪ್ಸ್ ಮುದ್ರಣ ವ್ಯವಸ್ಥೆಯಲ್ಲೂ ಗಂಭೀರ ದೋಷಗಳು ಬಯಲಾದವು.

ಆದರೆ ಈ ತೊಂದರೆಗಳಲ್ಲಿ ಹೆಚ್ಚಿನವು ಸ್ಥಳೀಯ ಮುದ್ರಣದವಲ್ಲ, ಅಗ್ಗದ ಯಂತ್ರವನ್ನು ಕೊಂಡು ಅದಕ್ಕೆ ಕಂಪ್ಯೂಟರನ್ನು ಅಡಿಯಾಳು ಮಾಡಿದ್ದರಿಂದ ಬಂದವು. ಈಗ ಮಾರುಕಟ್ಟೆಯಲ್ಲಿ ನೆಟ್‌ವರ್ಕ್ ಕೇಬಲ್ ನೇರ ಸಿಕ್ಕಿಸುವ, ಡ್ರೈವರ್ ಬೇಡದ, ವಿಂಡೋಸ್, ಲಿನಕ್ಸ್, ಮೊಬೈಲ್ ಯಾವುದರಿಂದ ಬಂದ ಕೆಲಸವನ್ನಾದರೂ ಒಂದೇ ಮಾನಕದಲ್ಲಿ ಸ್ವೀಕರಿಸುವ ಪ್ರಿಂಟರುಗಳಿವೆ. ಕೆಲವಕ್ಕೆ ಪಿಡಿಎಫ್ ಕಡತವನ್ನೇ ಕೊಟ್ಟರೆ ಸಾಕು. ಬೆಲೆ ಒಂದಿಷ್ಟು ಹೆಚ್ಚು. ಟೆಂಡರಿನಲ್ಲಿ "ಲೇಸರ್ ಪ್ರಿಂಟರ್, ನಿಮಿಷಕ್ಕೆ ಇಷ್ಟು ಪುಟ" ಎಂದಷ್ಟೇ ಬರೆದರೆ ಅಗ್ಗದ್ದೇ ಬರುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ (ಪಿಕೆಪಿಎಸ್) ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಅಷ್ಟು ದುಡ್ಡು ಹರಿಯುವಾಗ ಪ್ರಿಂಟರಿನ ಕಲಮಿಗೆ ಎರಡು ಸಾಲು ಹೆಚ್ಚು ಬರೆಯುವುದು ದೊಡ್ಡ ಕೆಲಸವಲ್ಲ. ಪಿಕೆಪಿಎಸ್‌ನ ಹಳೆ ಕಂಪ್ಯೂಟರು, ಯೋಜನೆಯಿಂದ ಬಂದ ಹೊಸದು, ಕಾರ್ಯದರ್ಶಿಯ ಸ್ವಂತ ಮೊಬೈಲು, ಈ ಮೂರೂ ಒಂದೇ ಪ್ರಿಂಟರಿಗೆ ಕಳಿಸಬೇಕಾದ ಮಿಶ್ರ ಜಾಲ ಈಗ ಹಳ್ಳಿಗೇ ಬಂದಿದೆ.

ಕೇಂದ್ರದಿಂದಲೇ ಮುದ್ರಣವಾಗಲಿ ಎನ್ನುವವರ ಬಲವಾದ ಮಾತು ಬೇರೆಯೇ ಇದೆ: ಯಾರು, ಯಾವಾಗ, ಎಷ್ಟು ಪ್ರತಿ ತೆಗೆದರು ಎಂಬ ಹಿಡಿತ. ಪ್ರಶ್ನೆಪತ್ರಿಕೆಗಳ ಮಟ್ಟಿಗೆ ಈ ಮಾತಿಗೆ ತೂಕವಿದೆ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಮುದ್ರಣವಾಗಿಯೇ ಬರುತ್ತದೆ, ಮೊಹರು ಹಾಕಿದ ಬಂಡಲುಗಳು ತಾಲೂಕು ಖಜಾನೆಯಲ್ಲಿ ಕಾವಲಿನಲ್ಲಿರುತ್ತವೆ. ಅದೇ ಊರಿನ ಎಂಜಿನಿಯರಿಂಗ್ ಕಾಲೇಜಿಗೆ ವಿಟಿಯು ಪ್ರಶ್ನೆಪತ್ರಿಕೆಯನ್ನು ಆನ್‌ಲೈನ್‌ನಲ್ಲಿ ಕಳಿಸುತ್ತದೆ; ಕಾಲೇಜಿನಲ್ಲೇ ಮುದ್ರಿಸಿ ಹಂಚುತ್ತಾರೆ. 2016ರಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರ ಪತ್ರಿಕೆ ಎರಡು ಸಲ ಸೋರಿಕೆಯಾಗಿ ಮಕ್ಕಳು ಮೂರನೆಯ ದಿನಾಂಕಕ್ಕೆ ಕಾಯಬೇಕಾಯಿತು. ಅದು ಕೇಂದ್ರೀಯವಾಗಿ ಮುದ್ರಿಸಿ ಕಾಪಾಡಿದ ಪತ್ರಿಕೆಯೇ. ಕಾಗದವಾಗಿ ಹಲವು ದಿನ ಕೂರುವುದೂ ಅಪಾಯ, ಕಡತವಾಗಿ ಹಲವು ಕೈ ಸೇರುವುದೂ ಅಪಾಯ. ಗುಟ್ಟು ಮುಖ್ಯವಾದಲ್ಲಿ ಆಯ್ಕೆ ಸುಲಭವಿಲ್ಲ, ಅಲ್ಲಿ ನಾನು ಒಂದೇ ಸೂತ್ರ ಹೇಳಲಾರೆ.

ಉತಾರದಲ್ಲಿ ಅಂಥ ಗುಟ್ಟಿಲ್ಲ. ಅಲ್ಲಿ ಬೇಕಾಗಿರುವುದು ನಿಜವೋ ಸುಳ್ಳೋ ಎಂಬ ಖಾತ್ರಿ. ಆ ಖಾತ್ರಿ ಪ್ರಿಂಟರಿನಲ್ಲಿಲ್ಲ, ಕಡತದೊಳಗಿನ ಡಿಜಿಟಲ್ ಸಹಿಯಲ್ಲಿದೆ. ಆ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಬಲವಿದೆ. ಆದರೆ ಒಂದು ವಿಷಯ ಕೌಂಟರಿನ ಎರಡೂ ಬದಿಯವರಿಗೆ ತಿಳಿದಿರಬೇಕು. ಪಿಡಿಎಫ್ ಕಾಗದವಾದ ಕೂಡಲೇ ಸಹಿಯ ಗಣಿತ ಹಿಂದೆ ಉಳಿಯುತ್ತದೆ. ಹಾಳೆಯ ಮೇಲೆ ಕಾಣುವ "ಡಿಜಿಟಲ್ ಸಹಿ ಮಾಡಲಾಗಿದೆ" ಎಂಬ ಸಾಲು ಬರೀ ಚಿತ್ರ, ಯಾರು ಬೇಕಾದರೂ ಬಿಡಿಸಬಹುದು. ಹಾಳೆಯನ್ನು ನಂಬಬೇಕಾದರೆ ಅದರ ಮೇಲಿನ ಸಂಖ್ಯೆ ಇಲ್ಲವೇ ಕ್ಯೂಆರ್ ಕೋಡಿನಿಂದ ಮೂಲವನ್ನು ತಾಳೆ ನೋಡಬೇಕು. ಬ್ಯಾಂಕಿನವರು ಹಾಗೆ ತಾಳೆ ನೋಡುವ ರೂಢಿ ಮಾಡಿಕೊಂಡರೆ ಉತಾರ ಎಲ್ಲಿ ಮುದ್ರಣವಾಯಿತು ಎಂಬ ಪ್ರಶ್ನೆಯೇ ಏಳುವುದಿಲ್ಲ. ಝೆರಾಕ್ಸ್ ಅಂಗಡಿಯ ಹಾಳೆಗೂ ಕಚೇರಿಯ ಹಾಳೆಗೂ ಒಂದೇ ಬೆಲೆ ಬರುತ್ತದೆ.

ಆಧಾರ್‌ನಲ್ಲಿ ಈ ಎರಡೂ ದಾರಿ ಅಕ್ಕಪಕ್ಕದಲ್ಲೇ ಇವೆ. 2020ರಿಂದ ಶುಲ್ಕ ಕಟ್ಟಿದರೆ ಕೇಂದ್ರದಲ್ಲೇ ಮುದ್ರಿಸಿದ ಪಿವಿಸಿ ಕಾರ್ಡು ಸ್ಪೀಡ್ ಪೋಸ್ಟಿನಲ್ಲಿ ಬರುತ್ತದೆ. ಕಾಯಲಾಗದವರು ಇ-ಆಧಾರ್ ಪಿಡಿಎಫ್ ಇಳಿಸಿ ಅಥಣಿಯ ಯಾವುದೋ ಅಂಗಡಿಯಲ್ಲಿ ಪ್ರಿಂಟ್ ಹೊಡೆಸುತ್ತಾರೆ. ಎರಡಕ್ಕೂ ಮಾನ್ಯತೆ ಒಂದೇ. ಆದರೆ ಸ್ಥಳೀಯ ಮುದ್ರಣದ ನಿಜವಾದ ಅಪಾಯ ಕಾಣುವುದೂ ಇಲ್ಲೇ. ಗಿರಾಕಿ ತನ್ನ ಪಿಡಿಎಫ್ ಕಡತವನ್ನು ಅಂಗಡಿಯವನ ವಾಟ್ಸಾಪಿಗೆ ಕಳಿಸುತ್ತಾನೆ, ಪಾಸ್‌ವರ್ಡನ್ನು ಎಲ್ಲರ ಎದುರು ಕೂಗಿ ಹೇಳುತ್ತಾನೆ, ಹಾಳೆ ಮಡಿಸಿ ಜೇಬಿಗಿಟ್ಟು ಹೋಗುತ್ತಾನೆ. ಕಡತ ಅಂಗಡಿಯ ಡೌನ್‌ಲೋಡ್ ಫೋಲ್ಡರಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಅದರ ಪಕ್ಕದಲ್ಲಿ ಇನ್ನೊಬ್ಬರ ಪಾಸ್‌ಬುಕ್, ಮತ್ತೊಬ್ಬರ ಜಾತಿ ಪ್ರಮಾಣಪತ್ರ. ಅಂಗಡಿಯವರು ಕೆಟ್ಟವರೆಂದು ಅರ್ಥವಲ್ಲ. ಅಳಿಸಬೇಕೆಂದು ಅವರಿಗೆ ಯಾರೂ ಹೇಳಿಲ್ಲ. ಗ್ರಾಮ ಒನ್‌ನಂಥ ಕೇಂದ್ರಗಳಿಗೆ ಪರವಾನಗಿ ಕೊಡುವಾಗಲೇ ಸಂಜೆ ಬಾಗಿಲು ಹಾಕುವ ಮುನ್ನ ಗಿರಾಕಿಗಳ ಕಡತ ಅಳಿಸುವುದನ್ನು ಷರತ್ತಾಗಿ ಸೇರಿಸಬಹುದು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇದನ್ನು ಅಂಗಡಿಯವರ ಒಳ್ಳೆಯತನಕ್ಕೇ ಬಿಡುವುದು ಸರಿಯಲ್ಲ.

ಗಡಿಯ ಮಾತು ಬಿಟ್ಟರೆ ಚಿಕ್ಕೋಡಿ, ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡ, ಈ ಐದು ತಾಲೂಕುಗಳ ಯಾವ ಚರ್ಚೆಯೂ ಪೂರ್ತಿಯಾಗದು. ಕಾಗವಾಡದ ರೈತನಿಗೆ ಬೆಂಗಳೂರಿಗಿಂತ ಮಹಾರಾಷ್ಟ್ರದ ಮಿರಜ್ ಹತ್ತಿರ. ಇತ್ತ ಒಂದು ಹೊಲ, ಅತ್ತ ಒಂದು ಹೊಲ ಇರುವ ಕುಟುಂಬಗಳಿವೆ. ಇತ್ತಲಿನದಕ್ಕೆ ಕನ್ನಡದ ಉತಾರ, ಅತ್ತಲಿನದಕ್ಕೆ ಮರಾಠಿಯ ಸಾತಬಾರಾ. ಎರಡು ರಾಜ್ಯಗಳ ಸರ್ವರುಗಳು ಪರಸ್ಪರ ಮಾತಾಡುವುದಿಲ್ಲ, ಒಂದರ ಮುದ್ರಣ ವ್ಯವಸ್ಥೆ ಇನ್ನೊಂದರ ಕಡತವನ್ನು ಮುಟ್ಟುವುದೂ ಇಲ್ಲ. ಎರಡನ್ನೂ ಒಂದೇ ಟೇಬಲ್ಲಿನ ಮೇಲೆ ತರುವುದು ಡಿಜಿಟಲ್ ಸಹಿಯುಳ್ಳ ಎರಡು ಪಿಡಿಎಫ್‌ಗಳು, ಮತ್ತು ಎರಡನ್ನೂ ಭೇದವೆಣಿಸದೆ ಮುದ್ರಿಸುವ ಊರಿನ ಪ್ರಿಂಟರು. ಮುದ್ರಣವನ್ನು ಆಯಾ ರಾಜ್ಯದ ಕೇಂದ್ರಕ್ಕೆ ಕಟ್ಟಿಹಾಕಿದ ದಿನ ಈ ರೈತ ಎರಡು ರಾಜ್ಯಗಳ ಎರಡು ಕಚೇರಿ ಸುತ್ತಬೇಕಾಗುತ್ತದೆ.

ಇನ್ನು ಹೊಳೆ. 2019ರ ಆಗಸ್ಟ್, 2021ರ ಜುಲೈ. ಕೃಷ್ಣೆ, ದೂಧಗಂಗಾ, ವೇದಗಂಗಾ ಏರಿ ಬಂದಾಗ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಯಿತು. ಹೊಳೆಸಾಲಿನ ಹಳ್ಳಿಗಳಿಗೆ ದಾರಿ ಕಡಿಯಿತು. ಜನ ಕಾಳಜಿ ಕೇಂದ್ರಗಳಲ್ಲಿ ಕೂತರು. ನೀರು ಇಳಿದ ಮೇಲೆ ಮೊದಲು ಕೇಳುವುದು ಕಾಗದವನ್ನೇ: ಉತಾರ, ಪಾಸ್‌ಬುಕ್, ಆಧಾರ್. ಮನೆಯಲ್ಲಿದ್ದದ್ದು ನೀರು ಪಾಲಾಗಿರುತ್ತದೆ. ಅಂಥ ಹೊತ್ತಿನಲ್ಲಿ ಕಂಬ ಬಿದ್ದು ಲೈನು ಹೋಗುವುದು ಆಶ್ಚರ್ಯವೇನಲ್ಲ. ಪಿಕೆಪಿಎಸ್ ತನ್ನ ಸದಸ್ಯರ ಸಹಿಯುಳ್ಳ ಪಿಡಿಎಫ್‌ಗಳನ್ನು, ಅವರ ಒಪ್ಪಿಗೆ ಪಡೆದು, ಮಳೆಗಾಲಕ್ಕೆ ಮುಂಚೆ ಇಳಿಸಿ ಇಟ್ಟುಕೊಂಡಿದ್ದರೆ ಒಂದು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಒಂದು ಇನ್ವರ್ಟರಿನಿಂದ ಕಾಳಜಿ ಕೇಂದ್ರದಲ್ಲೇ ಮುದ್ರಿಸಿ ಕೊಡಬಹುದು. ಪಿಡಿಎಫ್‌ನ ಸಹಿಯನ್ನು ಲೈನು ಇಲ್ಲದೆಯೂ ತಾಳೆ ನೋಡಲು ಬರುತ್ತದೆ. ರದ್ದಾದ ಸಹಿ ಪ್ರಮಾಣಪತ್ರಗಳ ಪಟ್ಟಿ ನೋಡುವುದೊಂದಕ್ಕೆ ಮಾತ್ರ ಲೈನು ಬೇಕು. ಎಲ್ಲವೂ ಕೇಂದ್ರದ ಹಿಡಿತದಲ್ಲೇ ಇರಬೇಕೆಂಬ ವ್ಯವಸ್ಥೆಗೆ ಇದು ಆಗದ ಮಾತು.

ನಿಪ್ಪಾಣಿ ಮತ್ತು ಕಾಗವಾಡ 2018ರಲ್ಲಿ ಚಾಲನೆಗೆ ಬಂದ ಹೊಸ ತಾಲೂಕುಗಳು. ಇಂಥ ಕಡೆ ಹೊಸ ಪ್ರಿಂಟರ್ ಕೊಳ್ಳುವಾಗ ಕೇಳಬೇಕಾದದ್ದು ಕೆಲವೇ ಸಂಗತಿ: ನೆಟ್‌ವರ್ಕ್ ಕಿಂಡಿ ಇದೆಯೇ, ಡ್ರೈವರ್ ಇಲ್ಲದೆ ವಿಂಡೋಸ್ ಮತ್ತು ಲಿನಕ್ಸ್ ಎರಡರಿಂದಲೂ ಮುದ್ರಿಸುತ್ತದೆಯೇ, ಕನ್ನಡ ಮತ್ತು ದೇವನಾಗರಿ ಎರಡೂ ಇರುವ ಒಂದು ಪಿಡಿಎಫ್ ಕೊಟ್ಟರೆ ಅಕ್ಷರ ಕೆಡದೆ ಹಾಳೆ ಬರುತ್ತದೆಯೇ. ಒಂದು ಕೌಂಟರಿನ ಯಂತ್ರ ಕೆಟ್ಟರೆ ಪಕ್ಕದ್ದಕ್ಕೆ ಕೆಲಸ ತಾನಾಗಿ ಹೋಗುವಂತೆ ಕಚೇರಿಯೊಳಗೇ ಒಂದು ಚಿಕ್ಕ ಸರತಿ ಸರ್ವರ್ ಇಡುವುದಕ್ಕೆ ನನ್ನ ವಿರೋಧವಿಲ್ಲ. ಯಾರು ಎಷ್ಟು ತೆಗೆದರು ಎಂಬ ಲೆಕ್ಕವೂ ಅದರಲ್ಲಿ ಸಿಗುತ್ತದೆ. ಆದರೆ ಅದು ನಿಂತರೂ ಕೌಂಟರ್ ನಿಲ್ಲಬಾರದು. ಇದನ್ನು ಪರೀಕ್ಷಿಸಲು ಬೆಂಗಳೂರಿನ ಆದೇಶ ಬೇಕಿಲ್ಲ. ಮಳೆಗಾಲಕ್ಕೆ ಮೊದಲು ಒಂದು ದಿನ, ಕಚೇರಿ ತೆರೆಯುವ ಮುನ್ನ, ಹತ್ತು ಪಿಡಿಎಫ್ ಇಳಿಸಿಕೊಂಡು ಹೊರಗಿನ ಲೈನನ್ನೂ ಸರತಿ ಸರ್ವರನ್ನೂ ತೆಗೆದಿಟ್ಟು, ಎಷ್ಟು ಕೌಂಟರುಗಳಿಂದ ಹಾಳೆ ಹೊರಬರುತ್ತದೆ ಎಂದು ತಹಶೀಲ್ದಾರರು ನಿಂತು ನೋಡಿದರೆ ಸಾಕು.